ನ್ಯೂಟ್ರಿನೊ ಆಗದಿದ್ದರೆ ಅದಕ್ಕಿಂತ ಹಗುರದ್ದು ಹೇಗಾದೀತು?

ಪ್ರಶ್ನೆ: ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ) ಅತಿ ಹಗುರವಾದ ಕಣಗಳಿಂದ ಆಗಿರಬಹುದು ಎಂದು ಓದಿದೆ. ಆದರೆ ನ್ಯೂಟ್ರಿನೊ ಎಂಬ ಕಣ ತೀರಾ ಹಗುರ, ಅದಕ್ಕೇ ಅದು ಡಾರ್ಕ್ ಮ್ಯಾಟರ್ ಆಗಲಾರದು ಎಂದು ನಮ್ಮ ಸರ್ ಹೇಳಿದ್ದರು. ಯಾವುದು ಸರಿ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ನಿಮ್ಮ ಸರ್ ಹೇಳಿದ್ದು ಸರಿಯೇ. ಆದರೆ ನ್ಯೂಟ್ರಿನೊದ ತೊಂದರೆ ಬರೀ ಹಗುರತನದ್ದಲ್ಲ. ವಿಶ್ವದ ಆರಂಭದ ಕಾವಿನಲ್ಲಿ ಹುಟ್ಟಿದ ಅವು ಬೆಳಕಿನ ವೇಗದ ಹತ್ತಿರ ಓಡುತ್ತಿದ್ದವು. ಡಾರ್ಕ್ ಮ್ಯಾಟರ್ ಎಲ್ಲ ಅವೇ ಆಗಿದ್ದರೆ ಸಣ್ಣ ಗ್ಯಾಲಕ್ಸಿಗಳು ಕಟ್ಟಿಕೊಳ್ಳುತ್ತಲೇ ಇರಲಿಲ್ಲ. ಮೇಲಾಗಿ ಅವು ಫರ್ಮಿಯಾನ್‌ಗಳು. ಈ ಬಗೆಯ ಕಣಗಳು ಪೌಲಿ ನಿಯಮದಂತೆ ಒಂದೇ ಸ್ಥಿತಿಯಲ್ಲಿ ಎರಡು ಇರುವಂತಿಲ್ಲ, ಹಾಗಾಗಿ ಗ್ಯಾಲಕ್ಸಿಯೊಳಗೆ ಎಷ್ಟು ಹಿಡಿಸುತ್ತವೆ ಎಂಬುದಕ್ಕೆ ಮಿತಿಯಿದೆ; ಇಷ್ಟು ಹಗುರವಾದರೆ ಬೇಕಾದ ದ್ರವ್ಯರಾಶಿಗೆ ಅಷ್ಟು ಸಾಲದು. ಖಗೋಳವಿಜ್ಞಾನಿಗಳಾದ ಟ್ರೆಮೇನ್ ಮತ್ತು ಗನ್ 1979ರಲ್ಲೇ ಈ ಲೆಕ್ಕ ತೋರಿಸಿದರು.

ನೀವು ಓದಿದ ಕಣಗಳು ಬೋಸಾನ್‌ಗಳು. ಒಂದೇ ಸ್ಥಿತಿಯಲ್ಲಿ ಎಷ್ಟು ಬೇಕಾದರೂ ಸೇರುತ್ತವೆ. ಕಾವಿನಿಂದ ಹುಟ್ಟಿದವೂ ಅಲ್ಲ. ಎಲ್ಲೆಡೆ ಹರಡಿದ್ದ ಒಂದು ಕ್ಷೇತ್ರ ಕಂಪಿಸತೊಡಗಿದಾಗ ಉಂಟಾದವು ಎಂಬುದು ಸಿದ್ಧಾಂತ. ಆದ್ದರಿಂದ ಎಷ್ಟೇ ಹಗುರವಾದರೂ ಮೊದಲಿನಿಂದ ನಿಧಾನ.

ಇಂಥ ಕಣಕ್ಕೆ 2000ದಲ್ಲಿ ವಿಜ್ಞಾನಿಗಳಾದ ಹು, ಬಾರ್ಕಾನಾ, ಗ್ರುಜಿನೋವ್ ಸೂಚಿಸಿದ ದ್ರವ್ಯರಾಶಿ ಸುಮಾರು 10⁻²² ಎಲೆಕ್ಟ್ರಾನ್ ವೋಲ್ಟ್ (ಕಣಗಳ ದ್ರವ್ಯರಾಶಿ ಹೇಳಲು ಬಳಸುವ ಏಕಮಾನ). ಎಲೆಕ್ಟ್ರಾನಿನದು 5,11,000! ನಮ್ಮ ಸುತ್ತಲಿನ ಒಂದು ಘನ ಸೆಂಟಿಮೀಟರಿನಲ್ಲಿ ಡಾರ್ಕ್ ಮ್ಯಾಟರ್ ಹೆಚ್ಚೆಂದರೆ ಅರ್ಧ ಪ್ರೋಟಾನಿನಷ್ಟು. ಅಷ್ಟಕ್ಕೇ ಇಂಥ ಕಣಗಳು ಸುಮಾರು 10³⁰ ಬೇಕು. ಆಲಮಟ್ಟಿ ಹಿನ್ನೀರಿನ ಅಲೆ ನೋಡುವಾಗ ಯಾರೂ ನೀರಿನ ಅಣು ಎಣಿಸುವುದಿಲ್ಲವಲ್ಲ, ಇಲ್ಲಿಯೂ ಲೆಕ್ಕಕ್ಕೆ ಬರುವುದು ಅಲೆಯೇ. ಕಣದ ದ್ರವ್ಯರಾಶಿ, ವೇಗಗಳಿಂದ ಅದರ ಅಲೆಯುದ್ದ ಹೇಳುವ ಡಿ ಬ್ರಾಯ್ ಸೂತ್ರ ನಿಮಗೆ ಗೊತ್ತು. ವೇಗ ಸೆಕೆಂಡಿಗೆ 100 ಕಿ.ಮೀ. ಎಂದು ಹಾಕಿ ನೋಡಿ: ಅಲೆಯುದ್ದ ಸುಮಾರು 4,000 ಜ್ಯೋತಿರ್ವರ್ಷ ಬರುತ್ತದೆ.

ಇಷ್ಟು ದೊಡ್ಡ ಅಲೆ ಚಿಕ್ಕ ಜಾಗದಲ್ಲಿ ಒತ್ತೊತ್ತಾಗಿ ಕೂಡಲಾರದು. ಕುಬ್ಜ ಗ್ಯಾಲಕ್ಸಿಗಳ ನಡುಭಾಗದಲ್ಲಿ ದಟ್ಟಣೆ ನಾವು ಎಣಿಸಿದಷ್ಟು ಏರುವುದಿಲ್ಲ ಏಕೆ ಎಂಬ ಹಳೆಯ ಪ್ರಶ್ನೆಗೆ ಇದರಿಂದ ಉತ್ತರ ಸಿಕ್ಕಂತಾಗಿತ್ತು. ಈ ಕಲ್ಪನೆ ನನಗೆ ಇಷ್ಟವಾಗಿದ್ದೂ ಅದಕ್ಕೇ.

ಆದರೆ ಅದೇ ಗುಣ ಡಾರ್ಕ್ ಮ್ಯಾಟರಿನ ಸಣ್ಣ ಗುಡ್ಡೆಗಳನ್ನೂ ಅಳಿಸಿಹಾಕುತ್ತದೆ. ದೂರದ ಕ್ವೇಸಾರ್‌ಗಳ (ಅತಿ ಪ್ರಕಾಶದ ಗ್ಯಾಲಕ್ಸಿ ಕೇಂದ್ರಗಳ) ಬೆಳಕನ್ನು ದಾರಿಯ ಹೈಡ್ರೋಜನ್ ಹೀರಿದ ಗೆರೆಗಳನ್ನು ನೋಡಿದರೆ ಆ ಸಣ್ಣ ಗುಡ್ಡೆಗಳು ಇವೆ. 2021ರ ವಿಶ್ಲೇಷಣೆಯ ಪ್ರಕಾರ, ಡಾರ್ಕ್ ಮ್ಯಾಟರ್ ಎಲ್ಲ ಇದೇ ಕಣವಾಗಿದ್ದರೆ ಅದು 2×10⁻²⁰ ಎಲೆಕ್ಟ್ರಾನ್ ವೋಲ್ಟ್‌ಗಿಂತ ಭಾರವಿರಬೇಕು. ಆಗ ಅಲೆಯುದ್ದ 20 ಜ್ಯೋತಿರ್ವರ್ಷಕ್ಕೆ ಇಳಿಯುತ್ತದೆ. ಕುಬ್ಜ ಗ್ಯಾಲಕ್ಸಿಗಳ ನಡುಭಾಗವನ್ನು ಬಿಡಿಸಿ ಹೇಳಲು ಅದು ಸಾಲದು. ಅತಿಹಗುರ ಕಣ ಇನ್ನೂ ಕಣದಲ್ಲಿದೆ, ಆದರೆ ಅದನ್ನು ಮೊದಲು ಮುಂದಿಟ್ಟ ಕಾರಣ ಈಗ ಅದರ ಜೊತೆಗಿಲ್ಲ ಎಂದೇ ನನ್ನ ಅಭಿಪ್ರಾಯ.