ಸಿಟಿ ಸ್ಕೋರ್ 14/25 ಅಂದರೆ 56% ಶ್ವಾಸಕೋಶ ಹೋಯಿತು ಅಂತಲ್ಲ

ಕೋವಿಡ್ ಆಗಿರುವ ನಿಮ್ಮ ತಂದೆಯ ಸಿಟಿ ರಿಪೋರ್ಟಿನಲ್ಲಿ 14/25 ಅಂತ ಬಂದಿದೆ. ಅಂದರೆ 56% ಶ್ವಾಸಕೋಶ ಹಾಳಾಗಿದೆಯಾ, ಮುಂದೇನಾಗುತ್ತೆ ಅಂತ ಅದನ್ನು ನೋಡಿ ಹೇಳಬಹುದಾ ಅಂತ ಕೇಳಿದ್ದೀರಿ.

ಮೊದಲು ಆ 56% ಅನ್ನು ತಲೆಯಿಂದ ತೆಗೆದುಹಾಕಿ. ನಾನು ರೇಡಿಯಾಲಜಿಸ್ಟ್. ಕೋವಿಡ್ ಜೋರಾಗಿದ್ದಾಗ ಈ ಸ್ಕೋರ್ ಬರೆದು ಬರೆದು ಸಾಕಾಗಿಹೋಗಿತ್ತು. ಅದು ಹೇಗೆ ಹುಟ್ಟುತ್ತೆ ಅಂತ ಹೇಳಿಬಿಡುತ್ತೇನೆ.

ಶ್ವಾಸಕೋಶಕ್ಕೆ ಐದು ಲೋಬ್, ಅಂದರೆ ಐದು ಪಾಲು. ಬಲಕ್ಕೆ ಮೂರು, ಎಡಕ್ಕೆ ಎರಡು. ಒಂದೊಂದರಲ್ಲೂ ಎಷ್ಟು ಭಾಗ ಮಬ್ಬಾಗಿದೆ ಅಂತ ಕಣ್ಣಂದಾಜಿನಲ್ಲಿ ಅಂಕ ಕೊಡುತ್ತೇವೆ. 5%ಗಿಂತ ಕಡಿಮೆ ಇದ್ದರೆ 1, 25% ತನಕ 2, ಅರ್ಧದ ತನಕ 3, 75% ತನಕ 4, ಅದಕ್ಕೂ ಮೇಲೆ 5. ಈಗ ನಾಲ್ಕು ಲೋಬಿಗೆ ಮೂರು ಮೂರು, ಉಳಿದ ಒಂದಕ್ಕೆ ಎರಡು ಅಂತ ಇಟ್ಟುಕೊಳ್ಳಿ. 14 ಆಯ್ತು, ಆದರೆ ಯಾವ ಲೋಬಿನಲ್ಲೂ ಅರ್ಧ ದಾಟಿಲ್ಲ, ಅಲ್ವಾ? ಬಲಗಡೆ ನಡುವಿನ ಲೋಬ್ ಎಲ್ಲಕ್ಕಿಂತ ಚಿಕ್ಕದು. ಅದಕ್ಕೂ ಹೆಚ್ಚೆಂದರೆ 5 ಅಂಕ, ದೊಡ್ಡ ಕೆಳ ಲೋಬಿಗೂ ಅಷ್ಟೇ. ನನಗೆ 24% ಅಂತ ಕಂಡಿದ್ದು ಪಕ್ಕದ ಕುರ್ಚಿಯವರಿಗೆ 27% ಅಂತ ಕಂಡರೆ ಅಲ್ಲೇ ಒಂದು ಅಂಕ ಏರುತ್ತದೆ.

ಇನ್ನು ಉಸಿರಿನ ಕಥೆ. ಸ್ಕ್ಯಾನ್ ಮಾಡುವಾಗ ಉಸಿರು ಪೂರ್ತಿ ಎಳೆದು ಹಿಡಿದುಕೊಳ್ಳಿ ಅನ್ನುತ್ತಾರೆ. ಬಿಡದೆ ಕೆಮ್ಮುವವರು ಹೇಗೆ ಹಿಡಿದಾರು? ಅರ್ಧ ಉಸಿರಿನಲ್ಲಿ ಚಿತ್ರ ಬಂದರೆ ಬೆನ್ನಿನ ಕಡೆಯ ಭಾಗ ಕುಗ್ಗಿ ಮಬ್ಬಾಗಿ ಕಾಣುತ್ತದೆ. ಕೋವಿಡ್ ಮಬ್ಬು ಕಾಣುವುದೂ ಹೆಚ್ಚಾಗಿ ಅಲ್ಲೇ. ಒಮ್ಮೆ ಅನುಮಾನ ಬಂದು ಒಬ್ಬರನ್ನು ಬೋರಲು ಮಲಗಿಸಿ ಮತ್ತೆ ಸ್ಕ್ಯಾನ್ ಮಾಡಿಸಿದೆ. ಎರಡೂ ಕಡೆ ಹಿಂಭಾಗ ತಿಳಿಯಾಯಿತು. 9 ಅಂತ ಬರೆಯಲು ಹೊರಟಿದ್ದವನು 6 ಅಂತ ಬರೆದೆ.

ಹಾಗಂತ ಸ್ಕೋರಿಗೆ ಬೆಲೆಯೇ ಇಲ್ಲ ಅಂತಲ್ಲ. 2020ರಲ್ಲಿ ಇಟಲಿಯವರು 130 ರೋಗಿಗಳ ಸ್ಕ್ಯಾನ್ ನೋಡಿದಾಗ, 18 ಅಥವಾ ಅದಕ್ಕೂ ಜಾಸ್ತಿ ಸ್ಕೋರ್ ಇದ್ದವರಲ್ಲಿ ಸಾವಿನ ಅಪಾಯ ಹೆಚ್ಚು ಕಂಡಿತ್ತು. ಆದರೆ ಅದು ಗುಂಪಿನ ಲೆಕ್ಕ, ಅದೂ ಲಸಿಕೆ ಬರುವ ಮುಂಚಿನದು. ಅದನ್ನು ಇವತ್ತು ಒಬ್ಬರ ಮೇಲೆ ಹಾಗೇ ಹೊರಿಸಲು ನನಗೆ ಧೈರ್ಯ ಬರಲ್ಲ.

ರಿಪೋರ್ಟ್ ಕೈಗೆ ಬಂದರೆ ನಾನು ಮೊದಲು ಕೇಳುವುದು, ಲಕ್ಷಣ ಶುರುವಾಗಿ ಎಷ್ಟು ದಿನ ಆಯ್ತು ಅಂತ. ಮೊದಲೆರಡು ದಿನದಲ್ಲಿ ತೆಗೆದ ಸ್ಕ್ಯಾನ್ ಎಷ್ಟೋ ಜನರಿಗೆ ನಾರ್ಮಲ್ ಬರುತ್ತದೆ. ಮಬ್ಬು ಸಾಮಾನ್ಯವಾಗಿ ಹತ್ತನೇ ದಿನದ ಆಸುಪಾಸಿನಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ನಾಲ್ಕನೇ ದಿನದ 14 ಕಂಡರೆ ನನಗೆ ದಿಗಿಲು, ಇನ್ನೂ ಏರುವ ಸಮಯ ಅದು. ಹನ್ನೆರಡನೇ ದಿನದ 14, ಆಕ್ಸಿಜನ್ ಚೆನ್ನಾಗಿದ್ದರೆ, ಅಷ್ಟು ಹೆದರಿಸುವುದಿಲ್ಲ. ನೀವು ದಿನ ಬರೆದಿಲ್ಲ, ಅದಕ್ಕೇ ಹೌದು-ಇಲ್ಲ ಅಂತ ಉತ್ತರ ಕೊಡುತ್ತಿಲ್ಲ.

ಬ್ರಿಟನ್ನಿನ ಆಸ್ಪತ್ರೆಗಳ ಸಾವಿರಾರು ರೋಗಿಗಳ ಮಾಹಿತಿಯಿಂದ 2020ರಲ್ಲಿ 4ಸಿ ಅನ್ನುವ ಸ್ಕೋರ್ ಮಾಡಿದರು. ಆಸ್ಪತ್ರೆಗೆ ಸೇರಿದವರಲ್ಲಿ ಸಾವಿನ ಅಪಾಯ ಅಳೆಯಲಿಕ್ಕೆ. ಅದರಲ್ಲಿರುವುದು ವಯಸ್ಸು, ಗಂಡೋ ಹೆಣ್ಣೋ, ಬೇರೆ ಕಾಯಿಲೆಗಳು, ನಿಮಿಷಕ್ಕೆ ಎಷ್ಟು ಉಸಿರು, ಆಕ್ಸಿಜನ್ ಸ್ಯಾಚುರೇಶನ್ (ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅನ್ನುವ ಅಳತೆ), ಪ್ರಜ್ಞೆ, ರಕ್ತದ ಯೂರಿಯಾ, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ). ಸಿಟಿ ಇಲ್ಲವೇ ಇಲ್ಲ! ನನ್ನ ಕಸುಬಿನವರಿಗೆ ಸ್ವಲ್ಪ ಮುಜುಗರದ ವಿಷಯ, ಇರಲಿ.

ಕಂಪ್ಯೂಟರ್ ಸ್ಕ್ಯಾನ್ ನೋಡಿ ನಿಖರವಾಗಿ ಭವಿಷ್ಯ ಹೇಳುತ್ತಂತೆ ಅಂತ ಯಾರಾದರೂ ಹೇಳಿದರೆ ಅದಕ್ಕೂ ಬೀಳಬೇಡಿ. ಎಕ್ಸ್‌ರೇ, ಸಿಟಿ ನೋಡಿ ಕೋವಿಡ್ ಗುರುತಿಸುವ ಅಥವಾ ಭವಿಷ್ಯ ಹೇಳುವ ಕಂಪ್ಯೂಟರ್ ಮಾದರಿಗಳ 62 ಅಧ್ಯಯನಗಳನ್ನು 2021ರಲ್ಲಿ ಜಾಲಾಡಿದಾಗ, ರೋಗಿಗಳ ಮೇಲೆ ಬಳಸಲು ಯೋಗ್ಯವಾದದ್ದು ಒಂದೂ ಸಿಗಲಿಲ್ಲ. ಕೆಲವು ಮಾದರಿಗಳಿಗೆ ಕೋವಿಡ್ ಇಲ್ಲದವರ ಚಿತ್ರ ಅಂತ ಪುಟ್ಟ ಮಕ್ಕಳ ಎಕ್ಸ್‌ರೇ ತೋರಿಸಿದ್ದರು. ಪಾಪ ಯಂತ್ರ, ಕೋವಿಡ್ ಬದಲು ವಯಸ್ಸು ಗುರುತಿಸುವುದನ್ನು ಕಲಿತಿರುತ್ತದೆ.

ತಂದೆಯವರ ಸ್ಯಾಚುರೇಶನ್ ಬೆಳಿಗ್ಗೆ, ಸಂಜೆ ಬರೆದಿಡಿ. ನಡೆದಾಡಿದ ಮೇಲೂ ಒಮ್ಮೆ ನೋಡಿ, ಅವರಿಂದ ಆಗುವಷ್ಟೇ. ಇಳಿಯುತ್ತಿದ್ದರೆ, ಏದುಸಿರು ಜಾಸ್ತಿಯಾದರೆ, ಸ್ಕೋರ್ ಎಷ್ಟೇ ಇರಲಿ, ತಡಮಾಡದೆ ಡಾಕ್ಟರಿಗೆ ತೋರಿಸಿ. ಚೇತರಿಸಿಕೊಳ್ಳುತ್ತಿದ್ದರೆ ಸ್ಕೋರ್ ಎಷ್ಟಾಯ್ತು ಅಂತ ನೋಡಲಿಕ್ಕೆ ಸುಮ್ನೆ ಇನ್ನೊಂದು ಸಿಟಿ ಬೇಡ.