ಪ್ರತಿಕ್ರಿಯೆ: ಮಣಿಪುರದ ಕುಟುಂಬಗಳು ಆರಾಧನೆ ಮುಗಿದ ಕೂಡಲೇ ಹೊರಟುಬಿಡುತ್ತವೆ, ಏನು ಮಾಡುವುದು?

ನಿಮ್ಮ ಚರ್ಚಿಗೆ ಬರುವ ಮಣಿಪುರದ ಮೂರು ಕುಟುಂಬಗಳು ಕೊನೆಯ ಬೆಂಚಿನಲ್ಲಿ ಕುಳಿತು ಬೇಗನೆ ಹೊರಡುತ್ತವೆ ಎಂದು ಬರೆದಿದ್ದೀರಿ. ಅದಕ್ಕೆ ಸಂಕೋಚಕ್ಕಿಂತ ಭಾಷೆಯೇ ಕಾರಣವಿರಬೇಕು. ಒಂದೂವರೆ ಗಂಟೆ ಅರ್ಥವಾಗದ ಕನ್ನಡ ಕೇಳಿ, ಮತ್ತೆ ಬಾಗಿಲಲ್ಲಿ ಪ್ರಶ್ನೆಗಳನ್ನು ಎದುರಿಸುವುದು ಕಷ್ಟ. ದಾವಣಗೆರೆಯ ನಮ್ಮ ಸಭೆಯಲ್ಲೂ ಹೀಗೇ ಆಗಿತ್ತು.

ಮೊದಲು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳಿ. ಮಣಿಪುರದಲ್ಲಿ ಆಡುವ ಥಾಡೊ, ಪೈತೆ, ಹ್ಮಾರ್ ಬೇರೆ ಬೇರೆ ಭಾಷೆಗಳು. ಮೂರರಲ್ಲೂ ಬೈಬಲ್ ಇದೆ. ಭಾನುವಾರ ಓದುವ ಅಧ್ಯಾಯ, ವಚನಗಳ ಸಂಖ್ಯೆಯನ್ನು ಶನಿವಾರವೇ ಅವರ ಮೊಬೈಲಿಗೆ ಕಳುಹಿಸಿ. ಕೆಲವು ವಾರ ಕಳೆದ ಮೇಲೆ, ಅವರು ಒಪ್ಪಿದರೆ, ಅವರ ಭಾಷೆಯಲ್ಲೇ ಓದಿಸಿ. ನಮ್ಮಲ್ಲಿ ಒಬ್ಬ ತಾಯಿ ಬೈಬಲಿನ 23ನೆಯ ಕೀರ್ತನೆ ಓದುತ್ತಿದ್ದಾಗ ಮುಂದಿನ ಸಾಲಿನ ಅಜ್ಜಿಯರ ತುಟಿಗಳು ಕನ್ನಡದಲ್ಲಿ ಜೊತೆಗೂಡಿದವು. ಅಂದು ಆಕೆ ಚಹಾಕ್ಕೆ ನಿಂತರು, ಮಂಡಕ್ಕಿಯ ಪೊಟ್ಟಣ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತರು.

2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಆರಂಭವಾದ ಹಿಂಸೆಯ ಬಗ್ಗೆ ನೀವಾಗಿ ಕೇಳಲೇಬೇಡಿ. ಸಾಕ್ಷಿ ಹೇಳಲು, ಅಂದರೆ ತಮ್ಮ ಬದುಕಿನಲ್ಲಿ ದೇವರು ಮಾಡಿದ್ದನ್ನು ಹೇಳಲು, ಎಲ್ಲರೆದುರು ಕರೆಯುವುದಂತೂ ಬೇಡ. ನಾವು ಮಾಡಿದ ದೊಡ್ಡ ತಪ್ಪು ಅದು. ಒಂದು ಕುಟುಂಬ ಮತ್ತೆ ಬರಲಿಲ್ಲ.

ನಿರಾಶ್ರಿತರೆಂದು ನೋಂದಾಯಿಸಬೇಕೇ ಎಂದು ಕೇಳಿದ್ದೀರಿ. ಬೇಡ, ಅವರು ಭಾರತದ ಪ್ರಜೆಗಳು. ಅವರ ರೇಷನ್ ಕಾರ್ಡ್ ಆಹಾರ ಭದ್ರತಾ ಕಾಯ್ದೆಯಡಿ ಇದ್ದು, ಆಧಾರ್ ಜೋಡಣೆಯಾಗಿದ್ದರೆ, ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಧಾನ್ಯ ಪಡೆಯಬಹುದು. 6ರಿಂದ 14 ವರ್ಷದ ಮಕ್ಕಳಿಗೆ ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾತು ಇದು. ಅಂಗಡಿಗೂ ಶಾಲೆಗೂ ಕನ್ನಡ ಬಲ್ಲ ಒಬ್ಬರು ಅವರ ಜೊತೆಗೆ ಹೋಗಿ.