ಹೆಸರಿನ ಮುಂದೆ ‘ಅವರೇ’ ಸೇರಿಸಿ ನೋಡಿ

ನೀವು ಕೇಳಿರುವುದು ಇಷ್ಟು: ಜಾಲತಾಣವೊಂದರಲ್ಲಿ ಸಂಸ್ಥೆಯ ಹೆಸರಲ್ಲೇ ಖಾತೆ ತೆರೆದಿರಿ, ಎರಡೇ ದಿನಕ್ಕೆ ಬ್ಲಾಕ್ ಆಯಿತು. ಕೆಟ್ಟ ಪದವೇನೂ ಇರಲಿಲ್ಲವಲ್ಲ, ಎಂಥ ಯೂಸರ್‌ನೇಮ್ ಆದರೆ ಒಪ್ಪುತ್ತಾರೆ?

ಕೆಟ್ಟ ಪದ ಇಲ್ಲದಿದ್ದರೆ ಸಾಲದು. ಸಂಸ್ಥೆಯ ಹೆಸರು ಕಂಡ ಕೂಡಲೇ ಪ್ರಚಾರಕ್ಕೆ ಬಂದವರು ಅನ್ನಿಸುತ್ತದೆ. ಮೇಲಾಗಿ, ನಿನ್ನೆ ಬರೆದದ್ದು ನೀವೋ ನಿಮ್ಮ ಸಹೋದ್ಯೋಗಿಯೋ ಯಾರಿಗೆ ಗೊತ್ತು? ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೀ ಕಂಪನಿಯ ಹೆಸರು ನಡೆಯುವುದಿಲ್ಲ. ‘ಇಂಥ ಕಂಪನಿಯ ಇಂಥವರು’ ಎಂದು ಒಬ್ಬ ಮನುಷ್ಯ ಕಾಣುವ ಹಾಗಿದ್ದರೆ ನಡೆಯುತ್ತದೆ. ‘ಅಡ್ಮಿನ್’ ಎಂದು ಇಲ್ಲದ ಅಧಿಕಾರ ತೋರಿಸುವುದೂ ಬೇಡ. ‘ಬಾಟ್’ ಎಂದು ಮುಗಿಯುವ ಹೆಸರಂತೂ ಅಲ್ಲಿ ತಾನಾಗಿ ಓಡುವ ಖಾತೆಗಳಿಗೇ ಮೀಸಲು.

ಕನ್ನಡ ಲಿಪಿಯಲ್ಲೇ ಇಡುವುದಾದರೆ ಇನ್ನೊಂದು ಪೇಚಿದೆ. ಸೊನ್ನೆಯ ‘೦’ ಮತ್ತು ಅನುಸ್ವಾರ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ‘ನಂದಿ’ ಅಂತ ಒಬ್ಬರು ಆಗಲೇ ಇರುವಾಗ ನೀವು ಸೊನ್ನೆ ಒತ್ತಿ ‘ನ೦ದಿ’ ಆದಿರಿ ಅನ್ನಿ. ಕೈತಪ್ಪಿನಿಂದಲೇ ಆಗಿರಬಹುದು, ಆದರೆ ನೋಡಿದವರಿಗೆ ನೀವು ಇನ್ನೊಬ್ಬರ ವೇಷ ಹಾಕಿದವರು. ಒಂಬತ್ತರ ‘೯’ ಒತ್ತಿ ಅರ್ಕಾವತ್ತು ಮಾಡಿಕೊಳ್ಳುವವರದ್ದೂ ಇದೇ ಕಥೆ. ಆಮೇಲೆ ಸರಿಯಾಗಿ ಟೈಪ್ ಮಾಡಿ ಹುಡುಕಿದವರಿಗೆ ಅವರು ಸಿಗುವುದೇ ಇಲ್ಲ!

ಹುಟ್ಟಿದ ಇಸವಿ, ಫೋನ್ ನಂಬರಿನ ತುದಿ ಹೆಸರಿಗೆ ಅಂಟಿಸಬೇಡಿ. ಯಾಕೆಂದು ಹೇಳಬೇಕಿಲ್ಲ.

ತಮಾಷೆಯ ಹೆಸರಿನ ಬಗ್ಗೆ ಮಾತ್ರ ನನ್ನ ಅನುಭವ ಕೇಳಿ. ಒಂದು ಗುಂಪಿನಲ್ಲಿ ‘ಗೊರಕೆರಾಜ’ ಎಂದು ಸೇರಿಕೊಂಡಿದ್ದೆ. ಯಾರೂ ಆಕ್ಷೇಪಿಸಲಿಲ್ಲ. ವರ್ಷಗಳಾದ ಮೇಲೆ ಅಲ್ಲಿನ ಹಿರಿಯ ಸದಸ್ಯರೊಬ್ಬರು ತೀರಿಕೊಂಡರು. ಮನಸಾರೆ ನಾಲ್ಕು ಸಾಲು ಬರೆದು ಕಳಿಸಿದೆ. ಮೇಲೆ ದಪ್ಪಕ್ಷರದಲ್ಲಿ ‘ಗೊರಕೆರಾಜ’, ಕೆಳಗೆ ನನ್ನ ಸಂತಾಪ. ಅವರ ಮಗಳು ಉತ್ತರಿಸಿದ್ದು, “ಗೊರಕೆರಾಜ ಅವರೇ, ಧನ್ಯವಾದ.” ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈಗ ಯಾವ ಹೆಸರು ಹೊಳೆದರೂ ಮೊದಲು ಮುಂದೆ ‘ಅವರೇ’ ಸೇರಿಸಿ ಗಟ್ಟಿಯಾಗಿ ಓದುತ್ತೇನೆ.

ನಿಮ್ಮ ವಿಷಯಕ್ಕೆ ಬಂದರೆ, ಬ್ಲಾಕ್ ತಪ್ಪಿಸಿಕೊಳ್ಳಲು ಸುಮ್ಮನೆ ಇನ್ನೊಂದು ಖಾತೆ ತೆರೆಯುವ ಮೊದಲು ಬ್ಲಾಕಿನ ಸಂದೇಶ ಪೂರ್ತಿ ಓದಿ. ಹೆಸರು ಬದಲಿಸಿಕೊಳ್ಳಲು ದಾರಿ ಇದ್ದರೆ ಅದರಲ್ಲೇ ಬರೆದಿರುತ್ತಾರೆ. ವಿಕಿಪೀಡಿಯದಲ್ಲಾದರೆ ನೀವು ಹಿಂದೆ ಮಾಡಿದ ತಿದ್ದುಪಡಿಗಳೂ ಹೊಸ ಹೆಸರಿಗೆ ಬರುತ್ತವೆ, ಚರ್ಚೆಗಳಲ್ಲಿ ಹಾಕಿದ್ದ ಹಳೆಯ ಸಹಿಗಳು ಮಾತ್ರ ಹಾಗೇ ಉಳಿಯುತ್ತವೆ.